ಪ್ಯಾಕೆಟ್ ಯಾವ ದಾರಿ ಹಿಡಿಯುತ್ತದೆ: ರೂಟರ್‌ನ ತೀರ್ಮಾನವನ್ನು ನೀವೇ ಲೆಕ್ಕಹಾಕಿ ನೋಡಿ

ನೆಟ್‌ವರ್ಕ್ ಬಗ್ಗೆ ಓದತೊಡಗಿದವರಲ್ಲಿ ಬಹಳಷ್ಟು ಜನ ಒಂದು ತಪ್ಪು ಚಿತ್ರ ಇಟ್ಟುಕೊಂಡಿರುತ್ತಾರೆ. ಪ್ರತಿ ಪ್ಯಾಕೆಟ್ (ಸಾಗುವ ಮಾಹಿತಿಯ ಒಂದು ಪುಟ್ಟ ತುಂಡು) ಬಂದಾಗಲೂ ರೂಟರ್ ಎಂಬ ದಾರಿ ತೋರುವ ಯಂತ್ರ ಕೂತು ಯೋಚಿಸಿ, ಗುರಿಯವರೆಗಿನ ಅತಿ ವೇಗದ ದಾರಿಯನ್ನು ಹುಡುಕಿ ಕಳಿಸುತ್ತದೆ ಎಂಬುದು ಆ ಚಿತ್ರ. ನಡೆಯುವುದು ಹಾಗಲ್ಲ. ಪ್ಯಾಕೆಟ್ ಬರುವ ಮೊದಲೇ ತೀರ್ಮಾನ ಆಗಿರುತ್ತದೆ, ಅದೂ ಇಡೀ ದಾರಿಯ ಬಗ್ಗೆ ಅಲ್ಲ, ಮುಂದಿನ ಒಂದೇ ಹೆಜ್ಜೆಯ ಬಗ್ಗೆ. ಕವಲುದಾರಿಯಲ್ಲಿ ನಿಂತ ಕೈಕಂಬ ಯಾವ ಊರು ಯಾವ ಕಡೆ ಎಂದಷ್ಟೇ ಹೇಳುವ ಹಾಗೆ, ರೂಟರ್ ‘ಈ ವಿಳಾಸದ್ದು ಈ ಕಡೆ’ ಎಂದು ಹೇಳಿ ಪ್ಯಾಕೆಟ್ಟನ್ನು ಪಕ್ಕದ ರೂಟರ್‌ಗೆ ದಾಟಿಸುತ್ತದೆ. ಮುಂದಿನದು ಅದರ ಪಾಡು.

ಯಾವ ವಿಳಾಸ ಯಾವ ಕಡೆ ಎಂದು ಸಾಲುಸಾಲಾಗಿ ಬರೆದ ಪಟ್ಟಿಯೇ ರೂಟಿಂಗ್ ಟೇಬಲ್. ಅದನ್ನು ನೋಡಿ ಮಾಡುವ ಆ ತೀರ್ಮಾನದಲ್ಲಿ ಮೂರು ಪ್ರಶ್ನೆಗಳಿವೆ. ಗುರಿಯ ವಿಳಾಸಕ್ಕೆ ಅತಿ ನಿಖರವಾಗಿ ಹೊಂದುವ ಸಾಲು ಯಾವುದು? ಅದೇ ಸಾಲನ್ನು ಇಬ್ಬರು ಬೇರೆ ಬೇರೆಯಾಗಿ ಹೇಳಿದರೆ ಯಾರ ಮಾತು ನಂಬಬೇಕು? ಹೇಳಿದವರು ಒಬ್ಬರೇ ಆಗಿ, ದಾರಿ ಎರಡಿದ್ದರೆ ಯಾವುದು ಅಗ್ಗ? ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳುವುದರಿಂದ ಹೆಚ್ಚಿನ ಗೊಂದಲ ಹುಟ್ಟುತ್ತದೆ. ಈ ಮೂರಕ್ಕೂ ಕೈಯಾರೆ ಉತ್ತರ ಕಂಡುಕೊಳ್ಳುವುದನ್ನು ಇಲ್ಲಿ ಹಂತಹಂತವಾಗಿ ಮಾಡೋಣ. ಒಂದು ಕಂಪ್ಯೂಟರ್, ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ನಡುವಿನ ಒಂದು ಹಂತಕ್ಕೆ ಲಿನಕ್ಸ್ ಬೇಕು. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನು ಬಳಸಿ.

ಹಂತ 1: ಮೊದಲು ನಿಮ್ಮದೇ ಟೇಬಲ್ ಓದಿ

ರೂಟಿಂಗ್ ಟೇಬಲ್ ನೋಡಲು ದೊಡ್ಡ ರೂಟರ್ ಬೇಕಿಲ್ಲ, ನಿಮ್ಮ ಕಂಪ್ಯೂಟರ್‌ನಲ್ಲೇ ಒಂದಿದೆ. ಲಿನಕ್ಸ್‌ನಲ್ಲಿ ‘ಐಪಿ ರೂಟ್’, ವಿಂಡೋಸ್‌ನಲ್ಲಿ ‘ರೂಟ್ ಪ್ರಿಂಟ್’, ಮ್ಯಾಕ್‌ನಲ್ಲಿ ‘ನೆಟ್‌ಸ್ಟ್ಯಾಟ್ -ಆರ್‌ಎನ್’ ಎಂದು ಕೊಡಿ. ಸಾಮಾನ್ಯ ಮನೆಯ ಸಂಪರ್ಕದಲ್ಲಿ ಮುಖ್ಯವಾಗಿ ಎರಡು ಸಾಲು ಕಾಣುತ್ತವೆ. ಒಂದು 192.168.1.0/24 ಎಂಬಂಥದ್ದು. ಅದರ ಎದುರು ಯಾವ ಗೇಟ್‌ವೇಯೂ (ಹೊರಗೆ ದಾಟಿಸುವ ರೂಟರ್) ಇರುವುದಿಲ್ಲ, ಇಂಟರ್‌ಫೇಸ್‌ನ (ಕೇಬಲ್ ಅಥವಾ ವೈಫೈ ಜೋಡಣೆಯ) ಹೆಸರು ಮಾತ್ರ ಇರುತ್ತದೆ. ‘ಇವರೆಲ್ಲ ನನ್ನ ಪಕ್ಕದವರೇ, ನೇರವಾಗಿ ಕೊಡುತ್ತೇನೆ’ ಎಂದು ಇದರ ಅರ್ಥ. ಇನ್ನೊಂದು ಡೀಫಾಲ್ಟ್ ಸಾಲು, ಅಂದರೆ 0.0.0.0/0. ಅದರ ಎದುರು 192.168.1.1ರಂಥ ಗೇಟ್‌ವೇ ಇರುತ್ತದೆ. ‘ಬೇರೆ ಯಾವುದೇ ಆಗಲಿ, ಇವನ ಕೈಗೆ ಕೊಟ್ಟುಬಿಡುತ್ತೇನೆ.’

ಈಗ ಲಿನಕ್ಸ್‌ನಲ್ಲಿ ‘ಐಪಿ ರೂಟ್ ಗೆಟ್’ ಎಂದು ಬರೆದು ಪಕ್ಕದಲ್ಲಿ ಯಾವುದಾದರೂ ಹೊರಗಿನ ವಿಳಾಸ ಕೊಡಿ, ಉದಾಹರಣೆಗೆ 203.0.113.9. (ಈ ಸರಣಿಯನ್ನು ದಾಖಲೆಗಳಲ್ಲಿ ಉದಾಹರಣೆ ಕೊಡಲೆಂದೇ ಮೀಸಲಿಟ್ಟಿದ್ದಾರೆ.) ಯಂತ್ರ ಒಂದೇ ಸಾಲಿನ ಉತ್ತರ ಕೊಡುತ್ತದೆ: ಯಾವ ಗೇಟ್‌ವೇ, ಯಾವ ಇಂಟರ್‌ಫೇಸ್, ಯಾವ ಮೂಲ ವಿಳಾಸ. ಪ್ಯಾಕೆಟ್ ಕಳಿಸದೆಯೇ ತೀರ್ಮಾನವನ್ನು ಕೇಳುವ ಈ ಆಜ್ಞೆ ಮುಂದೆ ಪದೇ ಪದೇ ಬೇಕಾಗುತ್ತದೆ, ಅಭ್ಯಾಸ ಮಾಡಿಕೊಳ್ಳಿ.

ಕೇಬಲ್ ಮತ್ತು ವೈಫೈ ಎರಡೂ ಜೋಡಿಸಿದ್ದರೆ ಎರಡು ಡೀಫಾಲ್ಟ್ ಸಾಲುಗಳು ಕಾಣಬಹುದು. ಲಿನಕ್ಸ್‌ನ ನೆಟ್‌ವರ್ಕ್ ಮ್ಯಾನೇಜರ್ ಕೇಬಲ್‌ಗೆ 100, ವೈಫೈಗೆ 600 ಎಂಬ ಮೆಟ್ರಿಕ್, ಅಂದರೆ ವೆಚ್ಚದ ಅಂಕಿ, ಕೊಡುವುದು ವಾಡಿಕೆ. ಕಡಿಮೆ ಅಂಕಿ ಗೆಲ್ಲುತ್ತದೆ, ಹಾಗಾಗಿ ಕೇಬಲ್ ಚುಚ್ಚಿದ ಕೂಡಲೇ ದಟ್ಟಣೆ (ಪ್ಯಾಕೆಟ್‌ಗಳ ಓಡಾಟ) ಅತ್ತ ಹೊರಳುತ್ತದೆ. ಇಲ್ಲಿ ವೇಗವನ್ನು ಯಾರೂ ಅಳೆದಿಲ್ಲ. ಕೇಬಲ್ ಹತ್ತು ಪಟ್ಟು ನಿಧಾನವಾಗಿದ್ದರೂ ಅದೇ ಗೆಲ್ಲುತ್ತದೆ, ಏಕೆಂದರೆ 100 ಎಂಬುದು ಮೊದಲೇ ಬರೆದಿಟ್ಟ ಅಂಕಿ.

ಹಂತ 2: ಅತಿ ಉದ್ದದ ಪ್ರಿಫಿಕ್ಸ್ ಹುಡುಕಿ

ರೂಟಿಂಗ್‌ನಲ್ಲಿ ಒಂದೇ ನಿಯಮ ಕಲಿಯಲು ಸಮಯವಿದೆ ಎನ್ನುವವರು ಇದನ್ನು ಕಲಿಯಲಿ. ಗುರಿಯ ವಿಳಾಸಕ್ಕೆ ಹಲವು ಸಾಲುಗಳು ಹೊಂದಿದರೆ, ಅತಿ ಹೆಚ್ಚು ಬಿಟ್‌ಗಳವರೆಗೆ ಹೊಂದುವ ಸಾಲು ಗೆಲ್ಲುತ್ತದೆ. ವೆಚ್ಚ, ವೇಗ, ಹೇಳಿದವರು ಯಾರು ಎಂಬುದು ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ.

ಹಾಳೆಯ ಮೇಲೆ ಒಂದು ಪುಟ್ಟ ಟೇಬಲ್ ಬರೆದುಕೊಳ್ಳಿ:

0.0.0.0/0 — ಮುಂದಿನ ರೂಟರ್ ‘ಪ’
10.20.0.0/16 — ಮುಂದಿನ ರೂಟರ್ ‘ಫ’
10.20.32.0/20 — ಮುಂದಿನ ರೂಟರ್ ‘ಬ’
10.20.36.0/23 — ಮುಂದಿನ ರೂಟರ್ ‘ಮ’

10.20.37.5ಕ್ಕೆ ಹೋಗುವ ಪ್ಯಾಕೆಟ್ ಬಂತು ಅನ್ನಿ. ಓರೆಗೆರೆಯ ನಂತರದ ಅಂಕಿ ಎಡದಿಂದ ಎಷ್ಟು ಬಿಟ್ ಹೊಂದಬೇಕು ಎಂದು ಹೇಳುತ್ತದೆ, ಹೊಂದಬೇಕಾದ ಆ ಎಡಭಾಗವೇ ಪ್ರಿಫಿಕ್ಸ್. ಮೊದಲೆರಡು ಭಾಗಗಳು, ಅಂದರೆ 16 ಬಿಟ್‌ಗಳು, ಮೂರು ಸಾಲಿಗೂ ಹೊಂದುತ್ತವೆ. ಉಳಿದಿರುವುದು ಮೂರನೆಯ ಭಾಗದ 37. ಅದನ್ನು ಎರಡರ ಪದ್ಧತಿಯಲ್ಲಿ ಬರೆದರೆ 00100101. /20ಕ್ಕೆ ಇದರ ಮೊದಲ 4 ಬಿಟ್ ಸಾಕು: 0010. 32ನ್ನು ಬರೆದರೆ 00100000, ಅದರ ಮೊದಲ ನಾಲ್ಕೂ 0010. ಹೊಂದಿತು. /23ಕ್ಕೆ 7 ಬಿಟ್ ಬೇಕು: 0010010. 36 ಎಂದರೆ 00100100, ಮೊದಲ ಏಳು 0010010. ಇದೂ ಹೊಂದಿತು. ನಾಲ್ಕೂ ಸಾಲುಗಳು ಹೊಂದಿದವು, 23 ಎಲ್ಲಕ್ಕಿಂತ ದೊಡ್ಡದು, ಪ್ಯಾಕೆಟ್ ‘ಮ’ ಕಡೆಗೆ.

ಇನ್ನು ಮೂರನ್ನು ನೀವೇ ಮಾಡಿ: 10.20.38.9, 10.20.50.1, 10.21.1.1. ಮೊದಲನೆಯದು ‘ಬ’ಗೆ ಹೋಗಬೇಕು, ಎರಡನೆಯದು ‘ಫ’ಗೆ, ಮೂರನೆಯದು ‘ಪ’ಗೆ. 38 ಏಕೆ /23ಕ್ಕೆ ಸೇರುವುದಿಲ್ಲ ಎಂಬುದು ಬಿಟ್ ಬರೆದು ನೋಡಿದಾಗಲೇ ಮನಸ್ಸಿಗೆ ಹತ್ತುತ್ತದೆ. ಕ್ಯಾಲ್ಕ್ಯುಲೇಟರ್ ಬಳಸುವುದಕ್ಕೆ ಮೊದಲು ಹತ್ತಾರು ವಿಳಾಸಗಳನ್ನು ಹೀಗೆ ಕೈಯಲ್ಲೇ ಮಾಡಿ ಎಂದು ಒತ್ತಾಯಿಸುತ್ತೇನೆ, ಮುಂದೆ ಟೇಬಲ್ ಕಂಡಾಗ ಕಣ್ಣೇ ಉತ್ತರ ಹೇಳುತ್ತದೆ.

ಈ ನಿಯಮದ ಬಲ ಎಷ್ಟೆಂದು ಎರಡು ಕಡೆ ನೋಡಬಹುದು. ಓಪನ್‌ವಿಪಿಎನ್ (ದಟ್ಟಣೆಯನ್ನು ಖಾಸಗಿ ಸುರಂಗದ ಮೂಲಕ ಕಳಿಸುವ ತಂತ್ರಾಂಶ) ನಿಮ್ಮ ಎಲ್ಲ ದಟ್ಟಣೆಯನ್ನೂ ತನ್ನತ್ತ ಎಳೆಯಬೇಕಾದಾಗ ಸಾಮಾನ್ಯವಾಗಿ ಹಳೆಯ ಡೀಫಾಲ್ಟ್ ಸಾಲನ್ನು ಅಳಿಸುವುದಿಲ್ಲ. ಬದಲಿಗೆ 0.0.0.0/1 ಮತ್ತು 128.0.0.0/1 ಎಂಬ ಎರಡು ಸಾಲು ಸೇರಿಸುತ್ತದೆ. ಎರಡೂ ಸೇರಿ ಇಡೀ ವಿಳಾಸಲೋಕವನ್ನು ಮುಚ್ಚುತ್ತವೆ, ಒಂದೊಂದೂ /0ಗಿಂತ ಒಂದು ಬಿಟ್ ಉದ್ದ. ಅಷ್ಟಕ್ಕೇ ಡೀಫಾಲ್ಟ್ ಮೂಲೆಗೆ ಸರಿಯುತ್ತದೆ. ವಿಪಿಎನ್ ಕಡಿದಾಗ ಆ ಎರಡನ್ನು ತೆಗೆದರಾಯಿತು, ಹಳೆಯದು ಇದ್ದಲ್ಲೇ ಇರುತ್ತದೆ.

ಇನ್ನೊಂದು ಜಗತ್ತೇ ಕಂಡ ಘಟನೆ. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು 208.65.153.0/24 ಎಂಬ ಪ್ರಿಫಿಕ್ಸನ್ನು ಘೋಷಿಸಿತು, ಅಂದರೆ ‘ಈ ವಿಳಾಸಗಳಿಗೆ ದಾರಿ ನನ್ನ ಕಡೆ’ ಎಂದು ರೂಟರ್‌ಗಳಿಗೆ ಸಾರಿತು. ಅದು ಮೇಲಿನ ಪೂರೈಕೆದಾರನ (ಅದಕ್ಕೆ ಹೊರಜಗತ್ತಿನ ಸಂಪರ್ಕ ಕೊಡುವ ಸಂಸ್ಥೆಯ) ಮೂಲಕ ಹೊರಜಗತ್ತಿಗೂ ಸೋರಿಹೋಯಿತು. ಯೂಟ್ಯೂಬ್ ಘೋಷಿಸಿದ್ದು 208.65.152.0/22. ಎಲ್ಲ ಕಡೆಯ ರೂಟರ್‌ಗಳೂ ನಿಯಮ ಪಾಲಿಸಿದವು, 24 ಬಿಟ್ 22ಕ್ಕಿಂತ ನಿಖರ, ಹಾಗಾಗಿ ದೂರದೂರದ ದೇಶಗಳ ಯೂಟ್ಯೂಬ್ ದಟ್ಟಣೆ ತಪ್ಪು ಬಾಗಿಲಿಗೆ ಹೋಗಿ ಬಿತ್ತು. ಯೂಟ್ಯೂಬ್ ತಾನೂ ಅದೇ /24 ಘೋಷಿಸಿತು, ಆಮೇಲೆ ಅದನ್ನು ಸೀಳಿ ಎರಡು /25ಗಳನ್ನು ಘೋಷಿಸಿತು. ಸೀಳಿದ್ದೇಕೆ ಎಂದು ಈಗ ನಿಮಗೆ ಹೊಳೆದಿರಬೇಕು: ಎರಡೂ ಕಡೆ /24 ಇದ್ದರೆ ಯಾವುದು ಹತ್ತಿರ ಎಂಬ ಪೈಪೋಟಿ ಉಳಿಯುತ್ತದೆ, /25 ಆದರೆ ಪೈಪೋಟಿಯೇ ಇಲ್ಲ. ಎರಡು ಗಂಟೆಗೂ ಸ್ವಲ್ಪ ಹೆಚ್ಚು ಕಾಲ ನಡೆದ ಈ ಗೊಂದಲ ಮುಗಿದದ್ದು ಮೇಲಿನ ಪೂರೈಕೆದಾರ ತಪ್ಪು ಘೋಷಣೆಯನ್ನು ಹಿಂತೆಗೆದಾಗ.

ಹಂತ 3: ಇಬ್ಬರು ಹೇಳಿದರೆ ಯಾರನ್ನು ನಂಬುವುದು

ಪ್ರಿಫಿಕ್ಸ್ ಒಂದೇ, ಉದ್ದವೂ ಒಂದೇ, ಆದರೆ ಸುದ್ದಿ ಎರಡು ಮೂಲಗಳಿಂದ ಬಂದಿದೆ. ಒಂದನ್ನು ನೀವೇ ಕೈಯಿಂದ ಬರೆದಿದ್ದೀರಿ, ಇನ್ನೊಂದನ್ನು ಒಎಸ್‌ಪಿಎಫ್ ಕಲಿಸಿದೆ. (ರೂಟರ್‌ಗಳು ತಮ್ಮಲ್ಲೇ ದಾರಿಯ ಸುದ್ದಿ ಹಂಚಿಕೊಳ್ಳುವ ಭಾಷೆಗಳಲ್ಲಿ ಇದೊಂದು. ಆರ್‌ಐಪಿ, ಬಿಜಿಪಿ ಕೂಡ ಅಂಥವೇ, ಹಂತ 5 ಮತ್ತು 6ರಲ್ಲಿ ನೋಡೋಣ.) ಇವೆರಡರ ಮೆಟ್ರಿಕ್‌ಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ, ಒಂದೊಂದರ ಅಳತೆಗೋಲೇ ಬೇರೆ. ಅದಕ್ಕೇ ರೂಟರ್‌ಗಳು ಮೂಲಕ್ಕೊಂದು ನಂಬಿಕೆಯ ಅಂಕಿ ಇಟ್ಟುಕೊಳ್ಳುತ್ತವೆ, ಕಡಿಮೆ ಇದ್ದಷ್ಟೂ ಹೆಚ್ಚು ನಂಬಿಕೆ. ಸಿಸ್ಕೋ ರೂಟರ್‌ಗಳಲ್ಲಿ ನೇರ ಜೋಡಣೆಗೆ 0, ಕೈಬರಹದ ಸ್ಟ್ಯಾಟಿಕ್ ರೂಟ್‌ಗೆ 1, ಹೊರಗಿನ ಬಿಜಿಪಿಗೆ 20, ಒಎಸ್‌ಪಿಎಫ್‌ಗೆ 110, ಆರ್‌ಐಪಿಗೆ 120, ಒಳಗಿನ ಬಿಜಿಪಿಗೆ 200. ಜುನಿಪರ್‌ನಲ್ಲಿ ಅಂಕಿಗಳು ಬೇರೆ: ಸ್ಟ್ಯಾಟಿಕ್‌ಗೆ 5, ಒಎಸ್‌ಪಿಎಫ್‌ನ ಒಳದಾರಿಗಳಿಗೆ 10, ಬಿಜಿಪಿಗೆ 170. ಎರಡು ಕಂಪನಿಗಳ ರೂಟರ್ ಬೆರೆತ ನೆಟ್‌ವರ್ಕ್ ನಿಮ್ಮದಾದರೆ ಈ ವ್ಯತ್ಯಾಸವನ್ನು ಗೋಡೆಗೆ ಅಂಟಿಸಿಟ್ಟುಕೊಳ್ಳಿ.

ಇದರಿಂದ ಒಂದು ಉಪಯೋಗವಿದೆ, ಒಂದು ಅಪಾಯವೂ ಇದೆ. ಬದಲಿ ದಾರಿಯೊಂದನ್ನು ಕೈಯಿಂದ ಬರೆದು ಅದಕ್ಕೆ 1ರ ಬದಲು 250 ಕೊಟ್ಟರೆ, ಒಎಸ್‌ಪಿಎಫ್ ದಾರಿ ಇರುವವರೆಗೂ ಅದು ಟೇಬಲ್‌ನಲ್ಲಿ ಕಾಣುವುದೇ ಇಲ್ಲ. ಅದು ಬಿದ್ದ ಕ್ಷಣ ಮೇಲೆ ಬರುತ್ತದೆ. ಅಪಾಯ ಏನೆಂದರೆ, ತುರ್ತಿನಲ್ಲಿ ಬರೆದು ಮರೆತ ಸ್ಟ್ಯಾಟಿಕ್ ರೂಟ್ ತನ್ನ 1ರ ಬಲದಿಂದ ಸರಿಯಾದ ದಾರಿಯನ್ನು ತಿಂಗಳುಗಟ್ಟಲೆ ಮುಚ್ಚಿಡಬಹುದು. ಮುಂದಿನ ಇಂಟರ್‌ಫೇಸ್ ಜೀವಂತವಾಗಿರುವವರೆಗೆ ರೂಟರ್ ಅದನ್ನು ಬಿಡುವುದಿಲ್ಲ, ಎರಡು ಹಾಪ್ (ಒಂದು ರೂಟರ್‌ನಿಂದ ಮುಂದಿನದಕ್ಕೆ ಒಂದು ಜಿಗಿತ) ಆಚೆ ಲಿಂಕ್ ತುಂಡಾಗಿದ್ದರೂ.

ಹಂತ 4: ಮೂರು ಯಂತ್ರಗಳ ಪ್ರಯೋಗಶಾಲೆ

ಲಿನಕ್ಸ್‌ನ ನೆಟ್‌ವರ್ಕ್ ನೇಮ್‌ಸ್ಪೇಸ್ ಸೌಲಭ್ಯ ಒಂದೇ ಕಂಪ್ಯೂಟರ್‌ನಲ್ಲಿ ಹಲವು ಪ್ರತ್ಯೇಕ ನೆಟ್‌ವರ್ಕ್ ಲೋಕಗಳನ್ನು ಕಟ್ಟಿಕೊಡುತ್ತದೆ. ‘ಐಪಿ ನೆಟ್‌ಎನ್ಎಸ್ ಆ್ಯಡ್’ ಬಳಸಿ ಎಡ, ನಡು, ಬಲ ಎಂಬ ಮೂರನ್ನು ಮಾಡಿ. ‘ವೆಥ್’ ಎಂಬ ಜೋಡಿ ಇಂಟರ್‌ಫೇಸ್‌ಗಳಿಂದ ಎಡವನ್ನು ನಡುವಿಗೂ, ನಡುವನ್ನು ಬಲಕ್ಕೂ ಜೋಡಿಸಿ. ಎಡಕ್ಕೆ 10.0.1.1/24, ನಡುವಿನ ಎಡಗೈಗೆ 10.0.1.2/24, ಬಲಗೈಗೆ 10.0.2.1/24, ಬಲಕ್ಕೆ 10.0.2.2/24 ಕೊಡಿ. ಎಲ್ಲ ಇಂಟರ್‌ಫೇಸ್‌ಗಳನ್ನೂ ‘ಅಪ್’ ಮಾಡುವುದನ್ನು ಮರೆಯಬೇಡಿ.

ಎಡದಿಂದ 10.0.2.2ಕ್ಕೆ ಪಿಂಗ್ ಮಾಡಿ, ಅಂದರೆ ‘ಇದ್ದೀಯಾ?’ ಎಂದು ಕೇಳುವ ಪುಟ್ಟ ಪ್ಯಾಕೆಟ್ ಕಳಿಸಿ. ‘ನೆಟ್‌ವರ್ಕ್ ತಲುಪಲಾಗದು’ ಎಂಬ ಉತ್ತರ ತಕ್ಷಣ ಬರುತ್ತದೆ, ಎಡದ ಟೇಬಲ್‌ನಲ್ಲಿ ಅದಕ್ಕೆ ಹೊಂದುವ ಸಾಲೇ ಇಲ್ಲವಲ್ಲ. ಎಡದಲ್ಲಿ 10.0.2.0/24ಕ್ಕೆ 10.0.1.2ರ ಮೂಲಕ ಒಂದು ರೂಟ್ ಬರೆಯಿರಿ. ಮತ್ತೆ ಪಿಂಗ್. ಈಗ ದೂರು ಇಲ್ಲ, ಉತ್ತರವೂ ಇಲ್ಲ. ನಡುವಿನಲ್ಲಿ ‘ಐಪಿ_ಫಾರ್ವರ್ಡ್’ ಎಂಬ ಕರ್ನಲ್ ಅಂಕಿ 0 ಇದ್ದರೆ ಅದನ್ನು 1 ಮಾಡಿ. ಸಾಧಾರಣ ಲಿನಕ್ಸ್ ಯಂತ್ರ ಇತರರ ಪ್ಯಾಕೆಟ್ ಸಾಗಿಸುವ ರೂಟರ್ ಆಗುವುದು ಈ ಒಂದು ಅಂಕಿಯಿಂದ. ಇನ್ನೂ ಮೌನ. ಬಲದಲ್ಲಿ ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ‘ಟಿಸಿಪಿಡಂಪ್’ ಹಾಕಿ ನೋಡಿ: ಪಿಂಗ್ ಕೋರಿಕೆಗಳು ಒಂದರ ಹಿಂದೊಂದು ಬಂದು ತಲುಪುತ್ತಿವೆ! ಉತ್ತರ ಮಾತ್ರ ಹೊರಡುತ್ತಿಲ್ಲ, ಬಲಕ್ಕೆ 10.0.1.0/24 ಎಲ್ಲಿದೆ ಎಂದು ಗೊತ್ತಿಲ್ಲ. ಬಲದಲ್ಲಿ 10.0.2.1ರ ಮೂಲಕ ಮರಳಿ ರೂಟ್ ಬರೆದ ಕೂಡಲೇ ಉತ್ತರಗಳು ಬರತೊಡಗುತ್ತವೆ.

ಹೋಗುವ ದಾರಿ, ಬರುವ ದಾರಿ ಎರಡು ಪ್ರತ್ಯೇಕ ತೀರ್ಮಾನಗಳು. ಪುಸ್ತಕದಲ್ಲಿ ಇದು ಒಂದು ವಾಕ್ಯ. ಟಿಸಿಪಿಡಂಪ್ ಎದುರು ಕೂತು ಕೋರಿಕೆ ಬರುವುದನ್ನು, ಉತ್ತರ ಹೊರಡದಿರುವುದನ್ನು ಕಣ್ಣಾರೆ ಕಂಡರೆ ಅದು ಜೀವಮಾನದ ಪಾಠ. ಈ ಹಂತವನ್ನು ದಯವಿಟ್ಟು ಬಿಡಬೇಡಿ.

ಹಂತ 5: ವೆಚ್ಚ ಕೂಡಿಸಿ ದಾರಿ ಕಂಡುಹಿಡಿಯಿರಿ

ಕೈಯಿಂದ ರೂಟ್ ಬರೆಯುವುದು ಮೂರು ಯಂತ್ರಗಳಿಗೆ ಸರಿ, ಮುನ್ನೂರಕ್ಕೆ ಆಗದು. ಅಲ್ಲಿ ರೂಟರ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬೇಕು. ಮಾತಾಡುವ ಬಗೆ ಮುಖ್ಯವಾಗಿ ಎರಡು.

ಹಳೆಯದು ಆರ್‌ಐಪಿಯ ಬಗೆ, 1988ರಲ್ಲಿ ದಾಖಲಾದ ಮಾನಕ. ಪ್ರತಿ ರೂಟರ್ 30 ಸೆಕೆಂಡಿಗೊಮ್ಮೆ ನೆರೆಯವರಿಗೆ ‘ಇಂಥ ನೆಟ್‌ವರ್ಕ್ ನನ್ನಿಂದ ಇಷ್ಟು ಹಾಪ್ ದೂರ’ ಎಂದು ಹೇಳುತ್ತದೆ. ಕೇಳಿದವರು ಒಂದು ಕೂಡಿಸಿಕೊಂಡು ತಮ್ಮ ನೆರೆಯವರಿಗೆ ಹೇಳುತ್ತಾರೆ. 15 ಹಾಪ್ ಗರಿಷ್ಠ, 16 ಎಂದರೆ ‘ತಲುಪಲಾಗದು’. ಸರಳ, ಆದರೆ ಯಾರಿಗೂ ನಕ್ಷೆ ಗೊತ್ತಿಲ್ಲ, ಎಲ್ಲವೂ ಕೇಳಿದ ಮಾತು. ಒಂದು ನೆಟ್‌ವರ್ಕ್ ಸತ್ತಾಗ ಇಬ್ಬರು ನೆರೆಯವರು ‘ನಿನ್ನ ಕಡೆ ಇದೆಯಂತೆ’ ಎಂದು ಪರಸ್ಪರ ನಂಬಿ ಅಂಕಿಯನ್ನು ಒಂದೊಂದಾಗಿ ಏರಿಸುತ್ತಾ ಹೋಗಬಹುದು. ಆ ಏರಿಕೆಗೆ ಕೊನೆ ಇರಲೆಂದೇ 16ರ ಮಿತಿ.

ಎರಡನೆಯದು ಒಎಸ್‌ಪಿಎಫ್, ಐಎಸ್-ಐಎಸ್‌ಗಳ ಬಗೆ. ಪ್ರತಿ ರೂಟರ್ ತನ್ನ ಲಿಂಕ್‌ಗಳ ಬಗ್ಗೆ ಮಾತ್ರ ಹೇಳುತ್ತದೆ, ಆದರೆ ಆ ಮಾತು ಇಡೀ ಪ್ರದೇಶದ ಎಲ್ಲರಿಗೂ ಹರಡುತ್ತದೆ. ಹೀಗೆ ಎಲ್ಲರ ಕೈಯಲ್ಲೂ ಒಂದೇ ನಕ್ಷೆ. ಆಮೇಲೆ ಪ್ರತಿಯೊಂದೂ ತನ್ನನ್ನು ಕೇಂದ್ರವಾಗಿಟ್ಟು, ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಕ್ರಮದಿಂದ ಅತಿ ಅಗ್ಗದ ದಾರಿಗಳನ್ನು ಲೆಕ್ಕಹಾಕುತ್ತದೆ. ಅದನ್ನೇ ಈಗ ಮಾಡೋಣ.

ಐದು ರೂಟರ್ ಬರೆಯಿರಿ: ಕ, ಖ, ಗ, ಘ, ಚ. ಲಿಂಕ್‌ಗಳ ವೆಚ್ಚ ಹೀಗಿರಲಿ: ಕ–ಖ 10, ಕ–ಗ 3, ಗ–ಖ 4, ಖ–ಘ 2, ಗ–ಘ 8, ಘ–ಚ 5, ಗ–ಚ 20.

‘ಕ’ದಿಂದ ಶುರು. ನೆರೆಯವರು ಖ (10) ಮತ್ತು ಗ (3). ಅತಿ ಕಡಿಮೆಯದು ಗ, ಅದನ್ನು 3 ಎಂದು ಖಾಯಂ ಮಾಡಿ. ಈಗ ‘ಗ’ದ ಮೂಲಕ ನೋಡಿ: ಖ 3+4=7, ಇದು ಮೊದಲಿನ 10ಕ್ಕಿಂತ ಕಡಿಮೆ, ಬದಲಾಯಿಸಿ. ಘ 3+8=11. ಚ 3+20=23. ಉಳಿದವರಲ್ಲಿ ಕಡಿಮೆ ಖ, 7ಕ್ಕೆ ಖಾಯಂ. ಖ ಮೂಲಕ ಘ 7+2=9, ಇದು 11ಕ್ಕಿಂತ ಕಡಿಮೆ, ಬದಲಾಯಿಸಿ. ಘ ಖಾಯಂ. ಘ ಮೂಲಕ ಚ 9+5=14, 23ನ್ನು ಹೊಡೆದು ಹಾಕಿ. ಮುಗಿಯಿತು: ಕ–ಗ–ಖ–ಘ–ಚ, ಒಟ್ಟು 14.

ಇದೇ ನೆಟ್‌ವರ್ಕ್ ಆರ್‌ಐಪಿ ಕೈಯಲ್ಲಿದ್ದಿದ್ದರೆ ಕ–ಗ–ಚ ಎಂದು ಎರಡೇ ಹಾಪ್‌ನಲ್ಲಿ, 20 ವೆಚ್ಚದ ಸಣಕಲು ಲಿಂಕ್ ಮೇಲೆ ಕಳಿಸುತ್ತಿತ್ತು. ನಾಲ್ಕು ಹಾಪ್‌ನ ದಾರಿ ಎರಡು ಹಾಪ್‌ನದಕ್ಕಿಂತ ಉತ್ತಮವಾಗಿರಬಹುದು ಎಂಬುದನ್ನು ಟ್ರೇಸ್‌ರೂಟ್ (ದಾರಿಯಲ್ಲಿನ ರೂಟರ್‌ಗಳನ್ನು ತೋರಿಸುವ ಆಜ್ಞೆ, ಹಂತ 7) ಓದುವಾಗ ನೆನಪಿಡಿ.

ಆದರೆ ‘ಕ’ ತನ್ನ ಟೇಬಲ್‌ನಲ್ಲಿ ಬರೆದುಕೊಳ್ಳುವುದು ಈ ಇಡೀ ದಾರಿಯನ್ನಲ್ಲ. ‘ಚ ಬೇಕಾದರೆ ಗ’ ಎಂದಷ್ಟೇ. ಮುಂದೆ ‘ಗ’ ತನ್ನದೇ ಲೆಕ್ಕ ಹಾಕಿರುತ್ತದೆ: ನೇರ 20, ಘ ಮೂಲಕ 13, ಖ ಮೂಲಕ 11, ಆದ್ದರಿಂದ ಖ. ಇಬ್ಬರ ಲೆಕ್ಕವೂ ಕೂಡಿಬರುವುದು ನಕ್ಷೆ ಒಂದೇ ಆಗಿರುವುದರಿಂದ. ನಕ್ಷೆ ಕ್ಷಣಕಾಲ ಬೇರೆಯಾದರೆ? ಘ–ಚ ಲಿಂಕನ್ನು ಹಾಳೆಯಲ್ಲಿ ಕತ್ತರಿಸಿ ನೋಡಿ. ಮೊದಲು ತಿಳಿಯುವುದು ‘ಘ’ಕ್ಕೆ. ಅದರ ಹೊಸ ಲೆಕ್ಕ: ಖ–ಗ ದಾಟಿ ಚಕ್ಕೆ 2+4+20=26, ನೇರ ಗ ಮೂಲಕ 28. ಆದ್ದರಿಂದ ಖ ಕಡೆಗೆ ತಿರುಗಿಸುತ್ತದೆ. ಸುದ್ದಿ ಇನ್ನೂ ಮುಟ್ಟದ ‘ಖ’ ಹಳೆಯ ಲೆಕ್ಕದಂತೆ ಅದೇ ಪ್ಯಾಕೆಟ್ಟನ್ನು ‘ಘ’ಕ್ಕೆ ಮರಳಿಸುತ್ತದೆ. ಇಬ್ಬರ ನಡುವೆ ಪ್ಯಾಕೆಟ್ ಚೆಂಡಾಗುತ್ತದೆ. ಖ ಹೊಸ ಲೆಕ್ಕ ಮುಗಿಸುವವರೆಗೆ ಮಾತ್ರ ಈ ಸುತ್ತು, ಹೆಚ್ಚಿನ ವೇಳೆ ಒಂದು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಪ್ಯಾಕೆಟ್‌ಗಳು ಅನಂತವಾಗಿ ಸುತ್ತದಂತೆ ಕಾಯುವುದು ಪ್ರತಿ ಐಪಿ ಪ್ಯಾಕೆಟ್‌ನೊಳಗಿನ ಟಿಟಿಎಲ್ ಎಂಬ ಅಂಕಿ. ಪ್ರತಿ ರೂಟರ್ ಅದರಿಂದ ಒಂದು ಕಳೆಯುತ್ತದೆ, ಸೊನ್ನೆಯಾದರೆ ಪ್ಯಾಕೆಟ್ಟನ್ನು ಎಸೆಯುತ್ತದೆ. ಲಿನಕ್ಸ್‌ನಲ್ಲಿ ಇದು 64ರಿಂದ, ವಿಂಡೋಸ್‌ನಲ್ಲಿ 128ರಿಂದ ಶುರುವಾಗುತ್ತದೆ.

ವೆಚ್ಚದ ಅಂಕಿ ಎಲ್ಲಿಂದ ಬಂತು? ಸಿಸ್ಕೋದ ಒಎಸ್‌ಪಿಎಫ್‌ನಲ್ಲಿ 100 ಮೆಗಾಬಿಟ್ಟನ್ನು ಲಿಂಕಿನ ವೇಗದಿಂದ ಭಾಗಿಸಿದ್ದು ವೆಚ್ಚ, ಒಂದಕ್ಕಿಂತ ಕಡಿಮೆ ಬಂದರೆ 1. ಹಾಗಾಗಿ 100 ಮೆಗಾಬಿಟ್, 1 ಗಿಗಾಬಿಟ್, 10 ಗಿಗಾಬಿಟ್ ಲಿಂಕ್ ಎಲ್ಲಕ್ಕೂ ವೆಚ್ಚ 1! ಇದು ಹಳೆಯ ಕಾಲದ ಆಯ್ಕೆ, ಇಂದಿಗೆ ಒಗ್ಗುವುದಿಲ್ಲ. ಆಧಾರ ವೇಗವನ್ನು 1,00,000 ಮೆಗಾಬಿಟ್‌ಗೆ ಏರಿಸಿ, ಆಗ 1 ಗಿಗಾಬಿಟ್‌ಗೆ 100, 10ಕ್ಕೆ 10, 100ಕ್ಕೆ 1 ಆಗುತ್ತದೆ. ಏರಿಸುವುದಾದರೆ ಎಲ್ಲ ರೂಟರ್‌ಗಳಲ್ಲೂ ಏರಿಸಿ, ಅರ್ಧಂಬರ್ಧ ಮಾಡಿದರೆ ವಿಚಿತ್ರ ದಾರಿಗಳು ಹುಟ್ಟುತ್ತವೆ.

‘ಈ ಹೊತ್ತಿನಲ್ಲಿ ಯಾವ ಲಿಂಕ್ ಖಾಲಿ ಇದೆಯೋ ಅದನ್ನೇ ಆರಿಸಬಾರದೇ?’ ಎಂದು ಜಾಣ ಓದುಗರು ಕೇಳಿಯೇ ಕೇಳುತ್ತಾರೆ. ಇಂಟರ್‌ನೆಟ್‌ನ ಪೂರ್ವಜ ಅರ್ಪಾನೆಟ್‌ನಲ್ಲಿ ಇದನ್ನು ಮಾಡಿ ನೋಡಿದ್ದರು. 1979ರಲ್ಲಿ ಬಂದ ಅಲ್ಲಿನ ಹೊಸ ವಿಧಾನ ಪ್ರತಿ ಲಿಂಕ್‌ನ ವಿಳಂಬವನ್ನು ಅಳೆದು ಅದನ್ನೇ ವೆಚ್ಚವೆಂದು ಬಳಸುತ್ತಿತ್ತು. ಹಗುರ ದಟ್ಟಣೆಯಲ್ಲಿ ಚೆನ್ನಾಗಿ ನಡೆಯಿತು. ದಟ್ಟಣೆ ಏರಿದಾಗ ಎಲ್ಲರೂ ಒಟ್ಟಿಗೆ ಖಾಲಿ ಲಿಂಕ್‌ಗೆ ನುಗ್ಗುವುದು, ಅದು ತುಂಬುವುದು, ಮತ್ತೆ ಎಲ್ಲರೂ ಹಳೆಯದಕ್ಕೆ ಓಡುವುದು, ಹೀಗೆ ಓಲಾಡಲು ಶುರುವಾಯಿತು. 1980ರ ದಶಕದಲ್ಲೇ ಆ ಅಳತೆಯನ್ನು ತಿದ್ದಬೇಕಾಯಿತು. ಇಂದು ಹೆಚ್ಚಿನ ನೆಟ್‌ವರ್ಕ್‌ಗಳಲ್ಲಿ ವೆಚ್ಚ ಸ್ಥಿರವಾಗಿರುವುದು ಸೋಮಾರಿತನದಿಂದಲ್ಲ, ಆ ಅನುಭವದಿಂದ. ಸಮಾನ ವೆಚ್ಚದ ದಾರಿಗಳು ಎರಡಿದ್ದರೆ ಮಾತ್ರ ದಟ್ಟಣೆಯನ್ನು ಹಂಚುತ್ತಾರೆ. ಒಂದೇ ಸಂಪರ್ಕದ ಪ್ಯಾಕೆಟ್‌ಗಳು ಹಿಂದುಮುಂದಾಗದಂತೆ ಮೂಲ, ಗುರಿ, ಪೋರ್ಟ್‌ಗಳನ್ನು ಸೇರಿಸಿ ಒಂದು ಹ್ಯಾಶ್ (ಅವುಗಳಿಂದ ಲೆಕ್ಕಹಾಕಿದ ಒಂದು ಅಂಕಿ) ಮಾಡಿ, ಒಂದು ಸಂಪರ್ಕಕ್ಕೆ ಒಂದೇ ದಾರಿ ಕೊಡುತ್ತಾರೆ.

ಹಂತ 6: ಸಂಸ್ಥೆಯಿಂದ ಸಂಸ್ಥೆಗೆ ದಾಟುವಾಗ

ಇಲ್ಲಿಯವರೆಗಿನದು ಒಬ್ಬರ ಆಡಳಿತದೊಳಗಿನ ಲೆಕ್ಕ. ಇಂಟರ್‌ನೆಟ್ ಎಂದರೆ ಸಾವಿರಾರು ಸ್ವತಂತ್ರ ನೆಟ್‌ವರ್ಕ್‌ಗಳು, ಒಂದೊಂದಕ್ಕೂ ಒಂದು ಸ್ವಾಯತ್ತ ವ್ಯವಸ್ಥೆಯ ಸಂಖ್ಯೆ. ಅವುಗಳ ನಡುವಿನ ಭಾಷೆ ಬಿಜಿಪಿ. 1989ರಲ್ಲಿ ಕರ್ಕ್ ಲಾಹೀಡ್ ಮತ್ತು ಯಾಕೊವ್ ರೆಕ್ಟರ್ ಅದರ ಮೊದಲ ರೂಪವನ್ನು ಊಟದ ಹೊತ್ತಿನಲ್ಲಿ ಕಾಗದದ ಕರವಸ್ತ್ರಗಳ ಮೇಲೆ ಗೀಚಿದ್ದರು. ಇಂದಿನ ನಾಲ್ಕನೆಯ ಆವೃತ್ತಿಯ ಈಗಿನ ಮಾನಕ 2006ರದ್ದು.

ಬಿಜಿಪಿಯಲ್ಲಿ ವೆಚ್ಚ ಕೂಡಿಸುವುದಿಲ್ಲ, ಏಕೆಂದರೆ ನಿಮ್ಮ 10 ಮತ್ತು ಪಕ್ಕದವನ 10 ಒಂದೇ ಅಲ್ಲ. ಪ್ರತಿ ಘೋಷಣೆಯ ಜೊತೆ ಅದು ದಾಟಿ ಬಂದ ವ್ಯವಸ್ಥೆಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ತನ್ನದೇ ಸಂಖ್ಯೆ ಕಂಡರೆ ರೂಟರ್ ಆ ಘೋಷಣೆಯನ್ನು ಬಿಸಾಡುತ್ತದೆ, ಸುತ್ತುವ ದಾರಿ ಹುಟ್ಟದಿರಲು ಅಷ್ಟು ಸಾಕು. ಆಯ್ಕೆಯ ಕ್ರಮವನ್ನು ಹೀಗೆ ಓದಿಕೊಳ್ಳಿ: ಮೊದಲು ಲೋಕಲ್ ಪ್ರಿಫರೆನ್ಸ್, ಹೆಚ್ಚಿದ್ದದ್ದು ಗೆಲ್ಲುತ್ತದೆ. ಸಮವಾದರೆ ವ್ಯವಸ್ಥೆಗಳ ಪಟ್ಟಿ ಚಿಕ್ಕದಿರುವುದು. ಅದೂ ಸಮವಾದರೆ ಮೂಲದ ಬಗೆ, ಆಮೇಲೆ ನೆರೆಯವ ಸೂಚಿಸಿದ ಎಂಇಡಿ ಅಂಕಿ, ಆಮೇಲೆ ಹೊರಗಿನಿಂದ ನೇರವಾಗಿ ಕಲಿತದ್ದಕ್ಕೆ ಆದ್ಯತೆ, ಆಮೇಲೆ ಹೊರಬಾಗಿಲಿಗೆ ಒಳಗಿನ ವೆಚ್ಚ ಕಡಿಮೆ ಇರುವುದು. ಕಡೆಗೆ ರೂಟರ್ ಗುರುತಿನ ಅಂಕಿ, ಹೇಗಾದರೂ ಒಂದು ತೀರ್ಮಾನ ಆಗಬೇಕಲ್ಲ.

ಮೊದಲನೆಯದರ ಮೇಲೆ ಕಣ್ಣಿಡಿ. ಲೋಕಲ್ ಪ್ರಿಫರೆನ್ಸ್ ಎಂಬುದು ಹಣದ ಮಾತು. ಗ್ರಾಹಕನ ಕಡೆಗೆ ಕಳಿಸಿದರೆ ಆದಾಯ, ಸಮಾನರ ಜೊತೆ ವಿನಿಮಯ ಮಾಡಿದರೆ ಲೆಕ್ಕ ಸಮ, ಮೇಲಿನ ಪೂರೈಕೆದಾರನಿಗೆ ಕೊಟ್ಟರೆ ಖರ್ಚು. ಹೆಚ್ಚಿನ ಸಂಸ್ಥೆಗಳು ಇದೇ ಇಳಿಕ್ರಮದಲ್ಲಿ ಅಂಕಿ ಕೊಡುತ್ತವೆ. ಗ್ರಾಹಕನ ಮೂಲಕ ಐದು ವ್ಯವಸ್ಥೆ ದಾಟಬೇಕು, ಪೂರೈಕೆದಾರನ ಮೂಲಕ ಎರಡೇ ಸಾಕು ಎಂದಿದ್ದರೂ ಐದರ ದಾರಿ ಗೆಲ್ಲುತ್ತದೆ. ನಿಮ್ಮ ಪ್ಯಾಕೆಟ್ ಸುತ್ತಿ ಬಳಸಿ ಹೋಗುವುದನ್ನು ಕಂಡು ‘ದೋಷ’ ಎನ್ನುವ ಮೊದಲು ಇದನ್ನು ನೆನೆಯಿರಿ. ಒಳಗಿನ ವೆಚ್ಚ ಕಡಿಮೆ ಇರುವ ಬಾಗಿಲಿನಿಂದ ಬೇಗ ಹೊರದಬ್ಬುವ ಗುಣವೂ ಇದಕ್ಕೆ ಸೇರಿ, ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು ಆಗುವುದು ಇಂಟರ್‌ನೆಟ್‌ನಲ್ಲಿ ದಿನನಿತ್ಯದ ಸಂಗತಿ.

ಘೋಷಣೆಯನ್ನು ಸುಮ್ಮನೆ ನಂಬುವ ದೌರ್ಬಲ್ಯ 2008ರಲ್ಲಿ ಕಂಡಿತು. ಅದಕ್ಕೆ ಈಗಿನ ಮದ್ದು ಆರ್‌ಪಿಕೆಐ: ಇಂಥ ಪ್ರಿಫಿಕ್ಸನ್ನು ಇಂಥ ವ್ಯವಸ್ಥೆ ಮಾತ್ರ, ಗರಿಷ್ಠ ಇಷ್ಟು ಉದ್ದದವರೆಗೆ ಘೋಷಿಸಬಹುದು ಎಂದು ವಿಳಾಸದ ಒಡೆಯ ಸಹಿ ಹಾಕಿದ ದಾಖಲೆ. ನಿಮ್ಮ ಸಂಸ್ಥೆಗೆ ಸ್ವಂತ ವಿಳಾಸಗಳಿದ್ದು ಈ ದಾಖಲೆ ಇಲ್ಲದಿದ್ದರೆ, ಈ ವಾರವೇ ಮಾಡಿಸಿ.

ಹಂತ 7: ಟ್ರೇಸ್‌ರೂಟ್ ಓದುವ ಬಗೆ

ಟ್ರೇಸ್‌ರೂಟ್ ಮೇಲೆ ಹೇಳಿದ ಟಿಟಿಎಲ್ ಅನ್ನೇ ಉಪಾಯವಾಗಿ ಬಳಸುತ್ತದೆ. ಮೊದಲು ಟಿಟಿಎಲ್ 1 ಇಟ್ಟು ಕಳಿಸುತ್ತದೆ. ಮೊದಲ ರೂಟರ್‌ನಲ್ಲೇ ಅದು ಸಾಯುತ್ತದೆ, ‘ಅವಧಿ ಮುಗಿಯಿತು’ ಎಂಬ ಐಸಿಎಂಪಿ (ನೆಟ್‌ವರ್ಕ್‌ನ ಸ್ಥಿತಿ ತಿಳಿಸುವ) ಸಂದೇಶ ಬರುತ್ತದೆ, ರೂಟರ್‌ನ ವಿಳಾಸ ಸಿಗುತ್ತದೆ. ಆಮೇಲೆ 2, 3, ಹೀಗೆ. ಲಿನಕ್ಸ್‌ನಲ್ಲಿ ಇದು ಸಾಮಾನ್ಯವಾಗಿ 33434ರಿಂದ ಏರುವ ಯುಡಿಪಿ ಪೋರ್ಟ್‌ಗಳನ್ನು ಬಳಸುತ್ತದೆ, ವಿಂಡೋಸ್‌ನ ‘ಟ್ರೇಸರ್ಟ್’ ಐಸಿಎಂಪಿ ಎಕೋ ಬಳಸುತ್ತದೆ. ಫೈರ್‌ವಾಲ್‌ಗಳು ಎರಡನ್ನೂ ಒಂದೇ ರೀತಿ ನೋಡುವುದಿಲ್ಲ, ಫಲಿತಾಂಶ ಬೇರೆಯಾದರೆ ಗಾಬರಿ ಬೇಡ.

ನಡುವೆ ಒಂದು ಸಾಲಿನಲ್ಲಿ ನಕ್ಷತ್ರಗಳು ಬಂದು ಮುಂದಿನ ಸಾಲುಗಳು ಸರಿಯಾಗಿ ಬಂದರೆ ಅದು ತೊಂದರೆಯಲ್ಲ, ಆ ರೂಟರ್ ಉತ್ತರಿಸಲು ಇಷ್ಟಪಡುವುದಿಲ್ಲ ಅಷ್ಟೇ. ಒಂದೇ ಹಾಪ್‌ನಲ್ಲಿ 200 ಮಿಲಿಸೆಕೆಂಡ್ ಕಂಡು ಮುಂದಿನದರಲ್ಲಿ 20ಕ್ಕೆ ಇಳಿದರೂ ತೊಂದರೆಯಲ್ಲ: ಪ್ಯಾಕೆಟ್ ಸಾಗಿಸುವುದು ಅಲ್ಲಿನ ವಿಶೇಷ ಚಿಪ್‌ನ ಕೆಲಸ, ನಿಮಗೆ ಉತ್ತರ ಬರೆಯುವುದು ಬೇರೆ ಕೆಲಸದಲ್ಲಿ ಮುಳುಗಿದ ಪ್ರೊಸೆಸರ್‌ನದು. ವಿಳಂಬ ಒಂದು ಕಡೆ ಏರಿ ಕೊನೆಯ ಸಾಲಿನವರೆಗೂ ಇಳಿಯದಿದ್ದರೆ ಮಾತ್ರ ಗಮನಿಸಿ. ಆಗಲೂ ಮೊದಲು ದೂರವನ್ನು ಕೇಳಿ. ಗಾಜಿನ ನಾರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ, 1,000 ಕಿಲೋಮೀಟರ್‌ಗೆ ಹೋಗಿಬರಲು 10 ಮಿಲಿಸೆಕೆಂಡ್ ಬೇಕೇ ಬೇಕು. ಸಾಗರ ದಾಟಿದ ಹಾಪ್‌ನಲ್ಲಿ 100 ಏರಿದರೆ ಅದು ಭೌತಶಾಸ್ತ್ರ.

ಎರಡು ವಿಷಯ ಟ್ರೇಸ್‌ರೂಟ್ ತೋರಿಸುವುದಿಲ್ಲ. ಒಂದು, ಮರಳುವ ದಾರಿ. ಅದಕ್ಕೆ ಆ ಕಡೆಯಿಂದ ನಿಮ್ಮತ್ತ ಟ್ರೇಸ್‌ರೂಟ್ ಮಾಡಿಸಬೇಕು. ಅನೇಕ ಸಂಸ್ಥೆಗಳು ಇದಕ್ಕೆಂದೇ ಲುಕಿಂಗ್ ಗ್ಲಾಸ್ ಎಂಬ ಸಾರ್ವಜನಿಕ ಪುಟ ಇಟ್ಟಿರುತ್ತವೆ. ಇನ್ನೊಂದು, ಎಂಪಿಎಲ್ಎಸ್ (ವಿಳಾಸದ ಬದಲು ಅಂಟಿಸಿದ ಚೀಟಿ ನೋಡಿ ಪ್ಯಾಕೆಟ್ ಸಾಗಿಸುವ ವಿಧಾನ) ಸುರಂಗದೊಳಗಿನ ರೂಟರ್‌ಗಳು. ಅವು ಕಾಣದಂತೆ ಮಾಡಿಟ್ಟಿರುವುದು ಸಾಮಾನ್ಯ.

ಹಂತ 8: ತಲುಪದಿದ್ದಾಗ ಹುಡುಕುವ ಕ್ರಮ

ಯಾವ ಹಾಪ್‌ನಲ್ಲಿ ನಿಂತಿದೆಯೋ ಆ ರೂಟರ್‌ನಲ್ಲಿ ಮೊದಲು ಗುರಿಯ ವಿಳಾಸಕ್ಕೆ ಗೆಲ್ಲುವ ಸಾಲು ಯಾವುದೆಂದು ಕೇಳಿ, ಪ್ರಿಫಿಕ್ಸ್‌ನ ಉದ್ದವನ್ನು ಬರೆದುಕೊಳ್ಳಿ. ನೀವು ಎಣಿಸಿದ್ದಕ್ಕಿಂತ ಉದ್ದದ ಸಾಲೊಂದು ಗೆದ್ದಿದ್ದರೆ ಅಲ್ಲೇ ನಿಲ್ಲಿ, ಅದನ್ನು ಯಾರು ಹೇಳಿದರೆಂದು ನೋಡಿ. ಸಾಲು ಸರಿಯಿದ್ದರೆ ಮುಂದಿನ ಹಾಪ್‌ನ ವಿಳಾಸಕ್ಕೂ ಒಂದು ಸಾಲು ಇದೆಯೇ ಎಂದು ಕೇಳಿ. ಬಿಜಿಪಿ ಹೇಳುವ ಮುಂದಿನ ಹಾಪ್ ಹಲವು ಸಲ ದೂರದ್ದಾಗಿರುತ್ತದೆ, ಅದನ್ನು ತಲುಪಲು ಒಎಸ್‌ಪಿಎಫ್ ದಾರಿ ಕೊಡಬೇಕು. ಕೊಡದಿದ್ದರೆ ಬಿಜಿಪಿ ಸಾಲು ಇದ್ದೂ ಬಳಕೆಗೆ ಬರುವುದಿಲ್ಲ. ಆಮೇಲೆ ಪಕ್ಕದ ರೂಟರ್‌ನ ಹಾರ್ಡ್‌ವೇರ್ ವಿಳಾಸ ಎಆರ್‌ಪಿ ಪಟ್ಟಿಯಲ್ಲಿ ಸಿಕ್ಕಿದೆಯೇ ಎಂದು ನೋಡಿ.

ಇಷ್ಟೂ ಸರಿಯಿದ್ದರೆ ತಿರುಗಿ ನಿಂತು ಮೂಲ ವಿಳಾಸವನ್ನೇ ಗುರಿಯೆಂದು ಭಾವಿಸಿ, ಆ ತುದಿಯಿಂದ ಇದೇ ಪ್ರಶ್ನೆಗಳನ್ನು ಕೇಳುತ್ತಾ ಬನ್ನಿ. ಹಂತ 4ರ ಮೌನ ಇಲ್ಲಿ ಮತ್ತೆ ಸಿಗುವ ಸಾಧ್ಯತೆಯೇ ಹೆಚ್ಚು. ಎರಡೂ ಕಡೆ ರೂಟ್ ಇದ್ದೂ ಪ್ಯಾಕೆಟ್ ಮಾಯವಾಗುತ್ತಿದ್ದರೆ ಲಿನಕ್ಸ್‌ನ ‘ಆರ್‌ಪಿ_ಫಿಲ್ಟರ್’ ನೋಡಿ. ಅದು ಕಟ್ಟುನಿಟ್ಟಿನ ಸ್ಥಿತಿಯಲ್ಲಿದ್ದರೆ, ಬಂದ ಇಂಟರ್‌ಫೇಸ್‌ನಿಂದಲೇ ಮರಳಿ ಹೋಗಲಾಗದ ಮೂಲದ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬಿಸಾಡುತ್ತದೆ. ಹೋಗುವ ಬರುವ ದಾರಿ ಬೇರೆಯಾದ ಕಡೆ ಇದನ್ನು ಸಡಿಲ ಸ್ಥಿತಿಗೆ, ಅಂದರೆ 2ಕ್ಕೆ, ಬದಲಾಯಿಸಬೇಕಾಗುತ್ತದೆ. ಫೈರ್‌ವಾಲ್ ನಿಯಮಗಳನ್ನು ತೆರೆದು ನೋಡುವುದು ಇದೆಲ್ಲ ಮುಗಿದ ಮೇಲೆ.

ದೋಷ ಸಿಕ್ಕಿ ಸರಿಪಡಿಸಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ದಟ್ಟಣೆ ಕಡಿಮೆ ಇರುವ ಹೊತ್ತು ನೋಡಿ ಮುಖ್ಯ ಲಿಂಕನ್ನು ಬೇಕೆಂದೇ ಕೆಳಗಿಳಿಸಿ. ಬದಲಿ ದಾರಿ ಟೇಬಲ್‌ಗೆ ಬಂತೇ, ಎಷ್ಟು ಪಿಂಗ್ ಕಳೆದವು, ಒಎಸ್‌ಪಿಎಫ್‌ನ ವಾಡಿಕೆಯಂತೆ 10 ಸೆಕೆಂಡಿಗೊಮ್ಮೆ ಹಲೋ, 40 ಸೆಕೆಂಡ್ ಮೌನಕ್ಕೆ ಸಾವು ಎಂಬ ಕಾಲಮಿತಿ ನಿಮಗೆ ಒಪ್ಪುತ್ತದೆಯೇ ಎಂದು ಅಳೆಯಿರಿ. ಲಿಂಕನ್ನು ಮತ್ತೆ ಮೇಲೆತ್ತಿದಾಗ ದಟ್ಟಣೆ ಹಳೆಯ ದಾರಿಗೆ ಮರಳಿತೇ ಎಂದು ಎರಡೂ ತುದಿಯಿಂದ ಟ್ರೇಸ್‌ರೂಟ್ ಮಾಡಿ, ಆ ಎರಡು ಫಲಿತಾಂಶಗಳನ್ನು ದಿನಾಂಕದೊಂದಿಗೆ ಉಳಿಸಿಡಿ. ಮುಂದಿನ ಸಲ ಏನೋ ಕೆಟ್ಟಾಗ ಹೋಲಿಸಲು ಸರಿಯಾದ ದಾರಿಯ ದಾಖಲೆ ಕೈಯಲ್ಲಿರುತ್ತದೆ.